ಗುಂಡಿನ ಸದ್ದು ಕೇಳಿಸುವುದೂ ಉಂಟು



ಒಂದು ವಿನೋದ ನಾಟಕದ ಕುರಿತು ನಾವು ಇಂದು ಮಾತನಾಡಹೊರಟಿದ್ದೇವೆ. ಯುದ್ಧದಂಥ ಘೋರ ವಿಷಯವನ್ನು ನಗೆಯೊಡನೆ ಬೆರೆಸುವುದು ಸರಿಯೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅದಕ್ಕೆ ಉತ್ತರ ಆ ನಾಟಕದಲ್ಲಿಯೇ ಇದೆ.

ಅಮೆರಿಕದ ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ೧೯೭೨ರಿಂದ ೧೯೮೩ರವರೆಗೆ ‘ಮ್ಯಾಶ್’ ಎಂಬ ಕಥಾಮಾಲೆಯನ್ನು ಪ್ರಸಾರ ಮಾಡಿತು. ೧೯೫೦ರಿಂದ ೧೯೫೩ರವರೆಗೆ ನಡೆದ ಕೊರಿಯಾ ಯುದ್ಧ ಅದರ ವಸ್ತು. ಯುದ್ಧ ಮೂರು ವರ್ಷದ್ದು, ನಾಟಕ ಹನ್ನೊಂದು ವರ್ಷದ್ದು! ರಣರಂಗದ ಹಿಂದೆ ಡೇರೆಗಳಲ್ಲಿ ಒಂದು ಸಂಚಾರಿ ಸೇನಾ ಆಸ್ಪತ್ರೆ. ಗಾಯಾಳುಗಳು ಹೆಲಿಕಾಪ್ಟರಿನಲ್ಲಿ ಬಂದಿಳಿಯುತ್ತಾರೆ. ವೈದ್ಯರು ಕೊಯ್ಯುತ್ತಾರೆ, ಹೊಲಿಯುತ್ತಾರೆ. ಗುಣವಾದವನು ಮತ್ತೆ ಗುಂಡಿಗೆ ಎದೆಯೊಡ್ಡಲು ಹೋಗುತ್ತಾನೆ. ಕಥೆಯ ನಾಯಕ ಹಾಕ್‌ಐ ಪಿಯರ್ಸ್ ತಾನಾಗಿ ಬಂದವನಲ್ಲ, ಕಡ್ಡಾಯ ಸೇನಾಭರ್ತಿ ಎಳೆದುತಂದ ವೈದ್ಯ. ಮೇಲಧಿಕಾರಿಗಳನ್ನು ಗೇಲಿ ಮಾಡುತ್ತಲೇ ಅವನು ತನ್ನ ಬುದ್ಧಿಯನ್ನು ನೆಟ್ಟಗೆ ಉಳಿಸಿಕೊಂಡಿದ್ದಾನೆ.

ಇಲ್ಲೊಂದು ಸಂಗತಿ ಗಮನಿಸಬೇಕು. ಈ ನಾಟಕಕ್ಕೆ ಯಂತ್ರದ ನಗೆಯನ್ನು ಸೇರಿಸಲೇಬೇಕೆಂದು ಸಂಸ್ಥೆ ಹಟ ಹಿಡಿಯಿತು. ನಿರ್ಮಾಪಕರಿಗೆ ಅದು ಬೇಕಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಬೇರೆ ಕಡೆ ನಗೆ ಇರಲಿ, ಶಸ್ತ್ರಚಿಕಿತ್ಸೆಯ ಮೇಜಿನ ಮುಂದೆ ಬೇಡ. ಎಲ್ಲಿ ನಗಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬುದನ್ನು ಬಲ್ಲವರಿಗೆ ಮಾತ್ರ ಯುದ್ಧದ ಬಗೆಗೆ ನಗೆಯಾಡುವ ಹಕ್ಕುಂಟು.

ಈಗ ಒಂದೇ ಒಂದು ಕಂತಿನ ಕಥೆ ಕೇಳಿ. ಹಾಕ್‌ಐಯ ಹಳೆಯ ಗೆಳೆಯ ಟಾಮಿ ಗಿಲ್ಲಿಸ್ ಒಬ್ಬ ಪತ್ರಕರ್ತ. ಸಿಪಾಯಿಯ ಕಣ್ಣಿನಿಂದ ಯುದ್ಧವನ್ನು ಬರೆಯಬೇಕೆಂದು ತಾನೇ ಕಾಲ್ದಳ ಸೇರಿದ್ದಾನೆ. ಸಾಯುವವನಿಗೆ ಗುಂಡಿನ ಸದ್ದು ಕೇಳಿಸದು ಎಂಬರ್ಥದ ಹೆಸರನ್ನು ಪುಸ್ತಕಕ್ಕೆ ಆಗಲೇ ಇಟ್ಟಿದ್ದಾನೆ. ಕೆಲವು ದಿನಗಳಲ್ಲಿ ಅವನನ್ನೇ ಹೊತ್ತು ತರುತ್ತಾರೆ. ತನಗೆ ಸದ್ದು ಕೇಳಿಸಿತು ಎನ್ನುತ್ತಾನೆ ಅವನು. ಹಾಗಾದರೆ ಹೆಸರು ಬದಲಾಯಿಸು ಎನ್ನುತ್ತಾನೆ ವೈದ್ಯ. ಗೆಳೆಯ ಮೇಜಿನ ಮೇಲೆಯೇ ಪ್ರಾಣ ಬಿಡುತ್ತಾನೆ. ಸದಾ ನಗಿಸುತ್ತಿದ್ದ ಹಾಕ್‌ಐ ಅಳುತ್ತಾನೆ. ಅವನ ಮೇಲಧಿಕಾರಿ ಹೆನ್ರಿ ಬ್ಲೇಕ್, ಅವನೂ ವೈದ್ಯನೇ, ತಾನು ಕಲಿತ ಎರಡು ನಿಯಮಗಳನ್ನು ತಿಳಿಸುತ್ತಾನೆ: ಯುದ್ಧದಲ್ಲಿ ಎಳೆಯರು ಸಾಯುತ್ತಾರೆ, ವೈದ್ಯರು ಆ ನಿಯಮವನ್ನು ಬದಲಿಸಲಾರರು.

ಅದೇ ಆಸ್ಪತ್ರೆಯಲ್ಲಿ ಪ್ರಾಯ ತುಂಬದ ಹುಡುಗನೊಬ್ಬ ಮಲಗಿದ್ದಾನೆ. ಅಣ್ಣನ ಗುರುತುಪತ್ರ ತೋರಿಸಿ ಸೇನೆಗೆ ಸೇರಿದವನು. ಪದಕ ಗೆದ್ದು ಒಬ್ಬ ಹುಡುಗಿಯ ಮೆಚ್ಚುಗೆ ಗಳಿಸುವ ಆಸೆ. ಅವನ ಗುಟ್ಟನ್ನು ಹಾಕ್‌ಐ ಕಾಪಾಡಿಕೊಂಡು ಬಂದಿದ್ದ. ಗೆಳೆಯ ಸತ್ತ ಮೇಲೆ ಗುಟ್ಟು ಬಯಲು ಮಾಡಿ ಹುಡುಗನನ್ನು ಮನೆಗೆ ಅಟ್ಟುತ್ತಾನೆ. ಹುಡುಗ ಕಿಡಿಕಾರುತ್ತಾನೆ, ಬದುಕಿರುವವರೆಗೂ ಕ್ಷಮಿಸೆನೆನ್ನುತ್ತಾನೆ. ಆ ದ್ವೇಷ ನೂರು ಕಾಲ ಬಾಳಲಿ ಎಂಬುದೇ ವೈದ್ಯನ ಹಾರೈಕೆ!

ಪದಕವೂ ಹುಡುಗನಿಗೆ ಸಿಗುತ್ತದೆ. ಫ್ರಾಂಕ್ ಬರ್ನ್ಸ್ ಎಂಬ ಅಧಿಕಾರಿ ಬೆನ್ನು ಉಳುಕಿಸಿಕೊಂಡು, ರಣಗಾಯವಾದವರಿಗೆ ಸಲ್ಲುವ ಪದಕವನ್ನು ಪಡೆದಿದ್ದ. ಹಾಕ್‌ಐ ಅದನ್ನೇ ಹುಡುಗನಿಗೆ ಕೊಡುತ್ತಾನೆ. ಪದಕಗಳ ಬೆಲೆ ಎಷ್ಟೆಂದು ಇದಕ್ಕಿಂತ ಚೊಕ್ಕವಾಗಿ ಹೇಳಿದವರುಂಟೆ?

ಸಂಗಾತಿಗಳೇ, ಈ ಕಂತು ಪ್ರಸಾರವಾದದ್ದು ೧೯೭೩ರ ಜನವರಿ ೨೮ರಂದು. ಅದರ ಹಿಂದಿನ ದಿನವಷ್ಟೇ ಪ್ಯಾರಿಸ್ಸಿನಲ್ಲಿ ವಿಯಟ್ನಾಂ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಕಡ್ಡಾಯ ಭರ್ತಿಯನ್ನು ನಿಲ್ಲಿಸಿದೆವೆಂದು ಅಮೆರಿಕ ಸಾರಿದ್ದೂ ಅದೇ ದಿನ. ಕೊರಿಯಾದ ಹೆಸರಿನಲ್ಲಿ ಹೇಳಿದ್ದು ಯಾರ ಮನೆಯ ಮಕ್ಕಳ ಕಥೆಯೆಂದು ನೋಡುವವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊರಿಯಾ ಯುದ್ಧ ನಮಗೂ ಪರಕೀಯವಲ್ಲ. ಭಾರತ ಅಲ್ಲಿಗೆ ಕಾದಾಡುವ ಪಡೆಯನ್ನು ಕಳಿಸಲಿಲ್ಲ. ೧೯೫೦ರಲ್ಲಿ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದಲ್ಲಿ ೬೦ನೆಯ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಪಡೆಯನ್ನು ಕಳಿಸಿತು. ೧೯೫೩ರಲ್ಲಿ ಕದನ ನಿಂತ ಮೇಲೆ, ಊರಿಗೆ ಮರಳಲೊಪ್ಪದ ಯುದ್ಧಕೈದಿಗಳ ಗತಿಯೇನೆಂಬ ಕಗ್ಗಂಟನ್ನು ಬಿಡಿಸಲು ತಟಸ್ಥ ರಾಷ್ಟ್ರಗಳ ಆಯೋಗ ಏರ್ಪಟ್ಟಿತು. ಅದರ ಅಧ್ಯಕ್ಷತೆ ವಹಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು.

ಹೆನ್ರಿ ಬ್ಲೇಕನ ಎರಡನೆಯ ನಿಯಮ ಸುಳ್ಳಲ್ಲ. ಕತ್ತರಿ, ಸೂಜಿ, ದಾರಗಳಿಂದ ಯುದ್ಧ ನಿಲ್ಲದು. ಹಾಕ್‌ಐ ಒಬ್ಬ ಹುಡುಗನನ್ನು ಸಾವಿನ ಬಾಯಿಂದ ತಪ್ಪಿಸಿದ್ದು ಚೂರಿಯಿಂದಲ್ಲ, ಅವನ ವಯಸ್ಸಿನ ನಿಜವನ್ನು ಆಡಿದ್ದರಿಂದ. ಆ ಕೆಲಸಕ್ಕೆ ವೈದ್ಯನೇ ಆಗಬೇಕಿಲ್ಲ. ನಿಜ ತಿಳಿದೂ ಗುಟ್ಟು ಕಾಯುವ ನೆರೆಯವನೂ, ಮೇಷ್ಟ್ರೂ, ಪತ್ರಕರ್ತನೂ ಆ ಸಾವಿನಲ್ಲಿ ಪಾಲುದಾರರು. ಗಾಯಾಳು ಮೇಜಿನ ಮೇಲೆ ಬಂದ ನಂತರ ಮಾಡಬಹುದಾದದ್ದು ಕಡಿಮೆ. ಮಾಡಬೇಕಾದದ್ದು ಅದಕ್ಕೆ ಮೊದಲೇ ಇದೆ. ಆಗ ಎಳೆಯರು ನಮ್ಮನ್ನು ಬೈದರೆ ಬೈಯಲಿ. ಬೈಯುವುದಕ್ಕಾದರೂ ಅವರು ಬದುಕಿರಲಿ.