ಫೋಟೋ ತೆಗೆಯುವ ಮುಂಚೆ



ಶಿವಮೊಗ್ಗದಿಂದ, ಭದ್ರಾವತಿಯಿಂದ ಇಷ್ಟು ಜನ ಬಂದಿದ್ದೀರಿ. ಸಂತೋಷ. ಇವತ್ತು ನಾವು ಫೋಟೋ ವಿಷಯ ಮಾತಾಡೋಣ.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. 1987ರಲ್ಲಿ ಶುರುವಾಯಿತು. ನಮ್ಮ ಎಷ್ಟೋ ಮಕ್ಕಳು ಅಲ್ಲಿ ಓದಿದ್ದಾರೆ. ಯಾವ ವಿಶ್ವವಿದ್ಯಾಲಯವೇ ಆಗಲಿ, ಅದಕ್ಕೆ ಪ್ರಚಾರ ಬೇಕು. ಕರಪತ್ರ, ಕ್ಯಾಲೆಂಡರು, ಫ್ಲೆಕ್ಸು, ಜಾಲತಾಣ, ಎಲ್ಲಕ್ಕೂ ಫೋಟೋ ಬೇಕು. ಕಾಲೇಜಿನ ಹುಡುಗ ಹುಡುಗಿಯರು ಎನ್.ಎಸ್.ಎಸ್. ಶಿಬಿರಕ್ಕೆ ಊರಿಗೆ ಬರುತ್ತಾರೆ. ಗಿಡ ನೆಡುತ್ತಾರೆ, ನಮ್ಮ ಜೊತೆ ಕೂತು ಫೋಟೋ ತೆಗೆಯುತ್ತಾರೆ. ತಪ್ಪೇನಿಲ್ಲ. ಆದರೆ ಕೇಳಿ ತೆಗೆಯಬೇಕು. ಶಾಲೆಯಲ್ಲಿ ಫೋಟೋ ತೆಗೆಯುವ ನಮ್ಮಂಥ ಟೀಚರುಗಳಿಗೂ ಇದೇ ಮಾತು.

ಕೇಳೋದು ಅಂದರೆ "ಅಮ್ಮಾ, ಸ್ವಲ್ಪ ಇತ್ತ ನೋಡಿ" ಅನ್ನೋದಲ್ಲ. ಯಾಕೆ ತೆಗೆಯುತ್ತೇವೆ, ಎಲ್ಲಿ ಹಾಕುತ್ತೇವೆ ಅಂತ ಹೇಳಬೇಕು. ಗೋಡೆ ಮೇಲಿನ ಫೋಟೋವನ್ನು ಊರಿನವರು ನೋಡುತ್ತಾರೆ. ಜಾಲತಾಣಕ್ಕೆ ಹೋದದ್ದನ್ನು ಲೋಕವೇ ನೋಡುತ್ತದೆ. ಯಾರೋ ಮೊಬೈಲಿಗೆ ಇಳಿಸಿಕೊಂಡರೆ ವಾಪಸ್ ತರೋದು ಕಷ್ಟ.

ಚಿತ್ರದ ಕೆಳಗೆ ಏನು ಬರೀತಾರೆ ಅನ್ನೋದನ್ನೂ ಕೇಳಿ. ನೀವು ಸ್ಲೇಟು ಹಿಡಿದು ನಗುತ್ತಾ ಕೂತಿದ್ದೀರಿ. ಕೆಳಗೆ 'ಅನಕ್ಷರಸ್ಥ ಮಹಿಳೆಯರು' ಎಂದು ಅಚ್ಚಾದರೆ? ದಿನವೆಲ್ಲ ದುಡಿದು, ರಾತ್ರಿ ಬಂದು ಕಲಿತದ್ದು ಎಲ್ಲಿ ಹೋಯಿತು? ಹೊಡೆತ ತಾಳಲಾರದೆ ಮನೆ ಬಿಟ್ಟು, ಬೇರೆ ಊರಲ್ಲಿ ಇರುವ ತಂಗಿಯೂ ನಮ್ಮ ನಡುವೆ ಇರಬಹುದು. ಅವಳ ಫೋಟೋ ಹಾಕಿದರೆ ಹೊಡೆದವನಿಗೆ ವಿಳಾಸ ಕೊಟ್ಟ ಹಾಗೆ.

ಕಾನೂನು ಏನು ಹೇಳುತ್ತದೆ? 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಕೂತು ತೀರ್ಪು ಕೊಟ್ಟರು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದರು. ಖಾಸಗಿತನ ಅಂದರೆ ನಮ್ಮ ಸ್ವಂತ ವಿಷಯ ನಮ್ಮ ಕೈಯಲ್ಲೇ ಇರೋದು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ನಾಡಿನವರೇ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿತು. ಹೆಸರು ಬಾಯಿಗೆ ಬರೋದಿಲ್ಲ, ಇರಲಿ. ಹಂತಹಂತವಾಗಿ ಜಾರಿಗೆ ಬರುವ ಕಾಯ್ದೆ ಅದು. ಒಪ್ಪಿಗೆ ಕೇಳುವ ಮಾತು ಕನ್ನಡದಲ್ಲೂ ಸಿಗಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, 18 ವರ್ಷ ತುಂಬದ ಮಕ್ಕಳಿಗೆ ತಂದೆ ಅಥವಾ ತಾಯಿ ಒಪ್ಪಬೇಕು ಎಂದು ಅದರಲ್ಲಿದೆ.

ಜಾತ್ರೆಯಲ್ಲಿ ದೂರದಿಂದ ತೆಗೆದ ಗುಂಪು ಚಿತ್ರಕ್ಕೆ ಎಲ್ಲರ ಸಹಿ ಯಾರೂ ಕೇಳೋದಿಲ್ಲ. ಅದು ಬೇರೆ. ನಿಮ್ಮೊಬ್ಬರ ಮುಖ ಎದ್ದು ಕಾಣುವ ಫೋಟೋಗೆ ಒಪ್ಪಿಗೆ ಪತ್ರ ಕೇಳಿ. ಕೊಟ್ಟ ಪತ್ರವನ್ನು ಅಕ್ಷರ ಕೂಡಿಸಿ ನಿಧಾನವಾಗಿ ಓದಿ. ಅವರು ಕಾಯಲಿ. ಇಂಗ್ಲಿಷಿನಲ್ಲಿದ್ದರೆ "ಕನ್ನಡದ್ದು ತಗೊಂಡು ಬಾ ತಮ್ಮಾ" ಅನ್ನಿ. 'ಎಲ್ಲಿ ಬೇಕಾದರೂ ಬಳಸಬಹುದು' ಎಂದಿದ್ದರೆ ಹೊಡೆದು ಹಾಕಿ, 'ಈ ಕರಪತ್ರಕ್ಕೆ ಮಾತ್ರ' ಎಂದು ಬರೆದು ಸಹಿ ಮಾಡಿ. ಒಂದು ಪ್ರತಿ ಇಟ್ಟುಕೊಳ್ಳಿ. ಇಷ್ಟ ಇಲ್ಲದಿದ್ದರೆ "ಬೇಡಪ್ಪಾ" ಅಂದರೆ ಸಾಕು, ಕಾರಣ ಹೇಳಬೇಕಾಗಿಲ್ಲ.

ಈಗ ಸ್ಲೇಟು ತಗೊಳ್ಳಿ. 'ಒಪ್ಪಿಗೆ' ಎಂದು ಬರೆಯೋಣ. 'ಪಿ' ಕೆಳಗೆ ಪ ಒತ್ತು, ಮರೀಬೇಡಿ.