ಮಾತೆ ಮರಿಯಮ್ಮನವರ ಜನನೋತ್ಸವ: ಬಿಟ್ಟು ಓದಬಾರದ ಹೆಸರುಗಳು



ಒಂಬತ್ತು ದಿನಗಳ ನವೇನ ಮುಗಿಸಿ, ಸೆಪ್ಟೆಂಬರ್ 8ರ ಈ ದಿನ ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಕೂಡಿಬಂದಿದ್ದೇವೆ. ಇಂದಿನ ಶುಭಸಂದೇಶ ಸಂತ ಮತ್ತಾಯನ ಮೊದಲನೇ ಅಧ್ಯಾಯ. ಅಬ್ರಹಾಮನಿಂದ ಜೋಸೆಫರವರೆಗೆ ಸಾಲು ಸಾಲು ಹೆಸರುಗಳು. ಹೊತ್ತಾಯಿತೆಂದು ಇವನ್ನು ಬಿಟ್ಟು 18ನೇ ವಚನದಿಂದ ಓದುವುದೂ ಉಂಟು; ಅದಕ್ಕೆ ಧರ್ಮಸಭೆಯ ಅನುಮತಿಯೂ ಇದೆ. ಆದರೆ ಮನೆಯಲ್ಲಿ ಬೈಬಲ್ ತೆರೆದಾಗಲೂ ಹಾಗೆ ಹಾರಿಸಿ ಓದಿದರೆ ನಷ್ಟ ನಮ್ಮದೇ.

12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗ್ವಿಗೊ, ದೇವರ ವಾಕ್ಯವನ್ನು ಪ್ರಾರ್ಥನೆಯಾಗಿ ಓದುವುದನ್ನು ನಾಲ್ಕು ಮೆಟ್ಟಿಲುಗಳ ಏಣಿಗೆ ಹೋಲಿಸಿದರು: ಓದು, ಧ್ಯಾನ, ಪ್ರಾರ್ಥನೆ, ದೇವರಲ್ಲಿ ತಲ್ಲೀನತೆ. ಇಂದು ಈ ಪಟ್ಟಿಯನ್ನೇ ಹಿಡಿದು ಆ ಏಣಿ ಹತ್ತೋಣ.

ಮೊದಲು ನಿಧಾನವಾಗಿ ಓದೋಣ. ಆರನೇ ವಚನದಲ್ಲಿ ದಾವೀದನ ಮಗ ಸೊಲೊಮೋನ ಬರುತ್ತಾನೆ. ಅವನ ತಾಯಿ ಬತ್ಷೆಬೆ. ಆದರೆ ಮತ್ತಾಯ ಆ ಹೆಸರು ಬರೆಯದೆ, ಆಕೆಯನ್ನು ಊರೀಯನ ಹೆಂಡತಿ ಎನ್ನುತ್ತಾನೆ. ಇಲ್ಲಿ ನಿಲ್ಲೋಣ.

ಯಾರು ಈ ಊರೀಯ? ದಾವೀದನ ನಿಷ್ಠಾವಂತ ಸೈನಿಕ. ಅವನ ಹೆಂಡತಿಯನ್ನು ಕಸಿದುಕೊಂಡ ರಾಜ, ಅವನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ. ಊರೀಯ ಯೇಸುಸ್ವಾಮಿಯ ವಂಶದವನೂ ಅಲ್ಲ. ಆದರೂ ಅವನ ಹೆಸರು ಇಲ್ಲಿದೆ. ರಾಜನ ಮಾನ ಕಾಯಲು ದೇವರ ವಾಕ್ಯ ಅವನನ್ನು ಅಳಿಸಲಿಲ್ಲ. ಮಾವನಿಂದ ಅನ್ಯಾಯವಾದ ತಾಮಾರ್, ಜೆರಿಕೋವಿನ ವೇಶ್ಯೆ ರಾಹಾಬ್, ಪರನಾಡಿನ ವಿಧವೆ ರೂತ್, ಇವರೂ ಇದ್ದಾರೆ.

ಈಗ ಧ್ಯಾನಿಸೋಣ. ನಮ್ಮ ಮನೆತನದ ಪಟ್ಟಿಯಿಂದ ಯಾರ ಹೆಸರು ಹೊಡೆದುಹಾಕಿದ್ದೇವೆ? ನಮಗೆ ಒಪ್ಪಿಗೆಯಿಲ್ಲದ ಮದುವೆಯಾದ ಮಗಳದೇ? ಕುಡಿತಕ್ಕೆ ಬಿದ್ದ ತಮ್ಮನದೇ? ಆಸ್ತಿ ಜಗಳದಲ್ಲಿ ದೂರವಾದ ಅಣ್ಣನದೇ? ಹಬ್ಬದ ಊಟಕ್ಕೆ ಅವರನ್ನು ಕರೆಯುವುದಿಲ್ಲ; ಜಪಸರದ ಹೊತ್ತಿನಲ್ಲೂ ಹೆಸರೆತ್ತುವುದಿಲ್ಲ. ಅವರು ತಪ್ಪು ಮಾಡಿರಬಹುದು. ಊರೀಯನ ವಿಷಯದಲ್ಲಿ ಆದಂತೆ, ತಪ್ಪು ನಮ್ಮದೂ ಇರಬಹುದು.

ಆ ಹೆಸರನ್ನು ಇಂದು ರಾತ್ರಿ ದೇವರ ಮುಂದೆ ಬಾಯಿಬಿಟ್ಟು ಹೇಳೋಣ. ಅದೇ ನಮ್ಮ ಪ್ರಾರ್ಥನೆ. ಬಳಿಕ ಐದು ನಿಮಿಷ ಮಾತಿಲ್ಲದೆ ಕುಳಿತು, ನಮ್ಮನ್ನೂ ಅವರನ್ನೂ ಒಟ್ಟಿಗೆ ಪ್ರೀತಿಸುವ ದೇವರ ಸನ್ನಿಧಿಯಲ್ಲಿ ಇರೋಣ. ನಾಳೆ ಅವರ ಮನೆ ಬಾಗಿಲು ತಟ್ಟಲು ಬೇಕಾದ ಬಲ ಅಲ್ಲಿಂದಲೇ ಬರುತ್ತದೆ.

ಪಟ್ಟಿಯ ಕೊನೆಯಲ್ಲಿ ಮರಿಯ. ಆಕೆಯಿಂದ ಹುಟ್ಟಿದವರು ಯೇಸು, ಇಮ್ಮಾನುವೇಲ್. ಅಂದರೆ, ದೇವರು ನಮ್ಮೊಡನೆ. ನಾವು ಹೊಡೆದುಹಾಕಿದವರೂ ಆ 'ನಮ್ಮೊಡನೆ'ಯಲ್ಲಿ ಸೇರಿದ್ದಾರೆ. ಎಲ್ಲವನ್ನೂ ಮನದಲ್ಲಿಟ್ಟು ಧ್ಯಾನಿಸಿದ ಮಾತೆ, ವಾಕ್ಯದ ಮುಂದೆ ನಿಲ್ಲುವುದನ್ನು ನಮಗೂ ಕಲಿಸಲಿ. ಆಮೆನ್.