ಬಿಡಿಭಾಗ ಕೂಡಿಸಿ ಸೈಕಲ್ ಕಟ್ಟುವ ಬಗೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಂಬಳ, ರಜೆ, ಬೋನಸ್ಸುಗಳ ಮಾತು ಯಾವಾಗಲೂ ನಡೆಯುತ್ತದೆ. ಈ ದಿನ ಸೈಕಲ್ಲಿನ ವಿಷಯ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಯೋಚಿಸಿ ನೋಡಿದರೆ ಇದೂ ಸಂಬಳದ ಮಾತೇ. ನಸುಕಿನಲ್ಲಿ ಒಲೆ ಹೊತ್ತಿಸಬೇಕಾದ ಅಡಿಗೆಯವರು, ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಒರಸಿ ಹೊರಡುವ ಹುಡುಗರು, ರಾತ್ರಿ ಪಾಳಿ ಮುಗಿಸಿದವರು, ಇವರಿಗೆ ಕೊನೆಯ ಗಾಡಿ ತಪ್ಪಿದರೆ ರಿಕ್ಷಾವೇ ಗತಿ. ಆ ದಿನದ ದುಡಿಮೆಯಲ್ಲಿ ಒಂದು ಪಾಲು ರಿಕ್ಷಾದವನ ಕೈಗೆ ಹೋಯಿತೆಂದೇ ಲೆಕ್ಕ.

ಮಳೆಗಾಲದಲ್ಲಿ ಈ ಮುಂಬಯಿಯ ರಸ್ತೆಗಳ ಡಾಂಬರು ಕಿತ್ತು ಜಲ್ಲಿ ಏಳುವುದನ್ನು ನೀವು ದಿನವೂ ನೋಡುತ್ತೀರಿ. ಇಂಥ ದಾರಿಗೆಂದು ದಪ್ಪ ಟಯರಿನ ಸೈಕಲ್ಲುಗಳನ್ನು ಈಗ ‘ಗ್ರಾವೆಲ್ ಬೈಕ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅದರ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಆದರೆ ಹಳೆಯ ಗಟ್ಟಿ ಫ್ರೇಮು ಒಂದನ್ನು ಹುಡುಕಿ, ತಿಂಗಳಿಗೊಂದು ಭಾಗ ಕೂಡಿಸಿ, ಒಂದೇ ಗೇರಿನ ಸೈಕಲ್ಲನ್ನು ನಾವೇ ಕಟ್ಟಬಹುದು. ಗೇರು ಬದಲಿಸುವ ತಂತಿಯಿಲ್ಲ, ಸ್ಪ್ರಿಂಗಿಲ್ಲ. ಕೆಡುವ ಸಾಮಾನು ಕಡಿಮೆ. ಕೆಟ್ಟರೂ ಮೂಲೆಯ ಅಂಗಡಿಯವನು ಸರಿಮಾಡಿಕೊಡುತ್ತಾನೆ.

ಕಟ್ಟುವ ಕೆಲಸಕ್ಕಿಂತ ಕೊಳ್ಳುವ ಕೆಲಸದಲ್ಲಿ ಹಣ ಹಾಳಾಗುವುದು ಹೆಚ್ಚು. ಅಗ್ಗಕ್ಕೆ ಸಿಕ್ಕಿತೆಂದು ಇಂದು ಒಂದು, ನಾಳೆ ಒಂದು ತಂದರೆ, ಈ ಹೋಟೆಲಿನ ಪಾತ್ರೆಗೆ ಆ ಹೋಟೆಲಿನ ಮುಚ್ಚಳ ಇಟ್ಟಂತಾಗುತ್ತದೆ. ಒಂದೊಂದು ಭಾಗವೂ ಪಕ್ಕದ ಭಾಗಕ್ಕೆ ಹೊಂದಬೇಕು. ಆದ್ದರಿಂದ ಅಳತೆಯಿಲ್ಲದೆ ಕಾಸು ಬಿಚ್ಚಬೇಡಿ.

ಮೊದಲು ಫ್ರೇಮು. ಹಿಂದಿನ ಚಕ್ರದ ಎಕ್ಸೆಲ್ ಕೂರುವ ಸೀಳು ಅಡ್ಡಕ್ಕೆ ಉದ್ದವಾಗಿರಬೇಕು. ಆಗ ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ಗೇರಿನ ಸೈಕಲ್ಲುಗಳಲ್ಲಿ ಸೀಳು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ; ಅದಕ್ಕೆ ಚೈನು ಎಳೆದು ಹಿಡಿಯುವ ಬೇರೆ ಸಾಮಾನು ಬೇಕು. ಫ್ರೇಮು ಬೆಂಡಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಒಂದು ಸೀಳಿನಿಂದ ಹ್ಯಾಂಡಲ್ ಕೂರುವ ಕೊಳವೆಯನ್ನು ಸುತ್ತಿ ಇನ್ನೊಂದು ಸೀಳಿಗೆ ದಾರವನ್ನು ಬಿಗಿಯಾಗಿ ಕಟ್ಟಿ. ನಡುವೆ ಸೀಟಿನ ಕೊಳವೆಗೂ ದಾರಕ್ಕೂ ಇರುವ ಸಂದು ಎರಡು ಕಡೆಯೂ ಒಂದೇ ಅಳತೆಯಲ್ಲಿರಬೇಕು. ಹೆಚ್ಚುಕಡಿಮೆಯಿದ್ದರೆ ಬಿಟ್ಟುಬನ್ನಿ.

ಫ್ರೇಮಿನ ಮೇಲೆ ಒತ್ತಿರುವ ನಂಬರನ್ನೂ ನೋಡಿ. ಅದನ್ನು ಉಜ್ಜಿ ಅಳಿಸಿದ್ದರೆ ಮುಟ್ಟಬೇಡಿ. ಚೀಟಿ ಬರೆಸಿಕೊಳ್ಳದೆ ಹಣ ಕೊಡಬೇಡಿ. ಕದ್ದವನು ಪಾರಾಗಿ, ಕೊಂಡ ಬಡವನು ಪೋಲೀಸು ಠಾಣೆಯ ಬೆಂಚಿನ ಮೇಲೆ ಕೂರುವುದು ನಮಗೆ ಬೇಡ.

ಎರಡನೆಯದು ಚಕ್ರ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಹಳೆಯ ದೊಡ್ಡ ಸೈಕಲ್ಲಿನ ಟಯರಿಗೂ ‘28’ ಎನ್ನುತ್ತಾರೆ, ಹೊಸ ಮಾದರಿಯ 700 ಸಿ ಟಯರಿಗೂ ‘28’ ಎನ್ನುವುದುಂಟು. 28 ಇಂಚು, ಒಂದೂವರೆ ಇಂಚಿನ ಹಳೆಯ ಟಯರು ರಿಮ್ಮಿನ ಮೇಲೆ ಕೂರುವ ಅಂಚಿನ ವ್ಯಾಸ 635 ಮಿಲಿಮೀಟರು, ಹೊಸದರದ್ದು 622. ಹದಿಮೂರು ಮಿಲಿಮೀಟರಿನ ಈ ಅಂತರದಿಂದ ಒಂದರ ಟಯರು ಇನ್ನೊಂದಕ್ಕೆ ಆಗುವುದೇ ಇಲ್ಲ. ಟಯರಿನ ಬದಿಯಲ್ಲಿ ಅಚ್ಚಾಗಿರುವ ಈ ಮೂರಂಕಿ ಓದಿ ಕೊಳ್ಳಿ. ಟಯರಿಗೂ ಫೋರ್ಕಿಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಉಳಿಯಬೇಕು. ಇಲ್ಲವಾದರೆ ಕೆಸರು ತುಂಬಿ ಚಕ್ರ ಹಿಡಿದುಕೊಳ್ಳುತ್ತದೆ.

ಮೂರನೆಯದು ಚೈನು ಮತ್ತು ಹಲ್ಲಿನ ಲೆಕ್ಕ. ಮುಂದೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ 28 ಇಂಚಿನ ಸೈಕಲ್ಲು ಸುಮಾರು 5.4 ಮೀಟರು ಹೋಗುತ್ತದೆ. ಹಿಂದೆ 22 ಹಲ್ಲು ಹಾಕಿದರೆ 4.4 ಮೀಟರು. ಓಟ ಕಡಿಮೆಯಾದರೂ ಜಲ್ಲಿಯಲ್ಲಿ, ಸೇತುವೆಯ ಏರಿನಲ್ಲಿ, ಹೊರೆಯಿದ್ದಾಗ ಮೊಣಕಾಲು ಉಳಿಯುತ್ತದೆ. ಮುಂದಿನ ಹಲ್ಲು, ಹಿಂದಿನ ಹಲ್ಲು ಒಂದೇ ನೇರದಲ್ಲಿರಲಿ. ಪಟ್ಟ ಸಡಿಲಾದರೆ ಜಾರುತ್ತದೆ, ಅತಿ ಬಿಗಿಯಾದರೆ ಬೇರಿಂಗನ್ನು ತಿನ್ನುತ್ತದೆ ಎಂದು ಗಿರಣಿಯಲ್ಲಿ ದುಡಿದ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಚೈನೂ ಹಾಗೆಯೇ, ನಡುವಿನಲ್ಲಿ ಅರ್ಧ ಇಂಚಿನಷ್ಟು ಆಡಬೇಕು. ಹಳೆಯ ಚೈನಿನ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚು ಬಂದರೂ ಅದು ಸವೆದ ಚೈನು, ಹೊಸದು ಹಾಕಿ.

ಇನ್ನು ಬ್ರೇಕು. ಕಳೆದ ಮಳೆಗಾಲದಲ್ಲಿ ನಮ್ಮ ಒಬ್ಬ ಸಪ್ಲಾಯರ್ ಹುಡುಗ ಮುಂದಿನ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಸೇತುವೆ ಇಳಿಯುತ್ತಿದ್ದ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಹಿಂದಿನ ಬ್ರೇಕು ಹಿಡಿಯಲಿಲ್ಲ. ಬಿದ್ದು ಮುಂಗೈ ಮುರಿಯಿತು. ಆರು ವಾರ ತಟ್ಟೆ ಎತ್ತಲಾಗಲಿಲ್ಲ. ಮಾಲಿಕರು ಆರು ವಾರ ಸಂಬಳ ಕೊಡಲಿಲ್ಲ. ಆ ಸಂಬಳದ ಹೋರಾಟ ಸಂಘ ಮಾಡುತ್ತಿದೆ. ಆದರೆ ಮುರಿದ ಕೈಯನ್ನು ಯಾವ ಸಂಘ ಮೊದಲಿನಂತೆ ಮಾಡೀತು? ಉಕ್ಕಿನ ರಿಮ್ಮು ಮಳೆಯಲ್ಲಿ ಜಾರುತ್ತದೆ; ಅಲ್ಯೂಮಿನಿಯಂ ರಿಮ್ಮು ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಸೀಟು ಹಳೆಯದಿರಲಿ, ಬಣ್ಣ ಹೋಗಿರಲಿ, ಚಿಂತೆಯಿಲ್ಲ. ಬ್ರೇಕು ಮಾತ್ರ ಎರಡೂ ಚಕ್ರಕ್ಕೆ ಬೇಕು, ಅದರ ರಬ್ಬರು ಹೊಸದಿರಬೇಕು. ಗೇರು ಒಂದಾದರೆ ಸಾಕು. ಬ್ರೇಕು ಒಂದಾದರೆ ಸಾಲದು.

ಇಷ್ಟೆಲ್ಲ ಅಳತೆ ಒಬ್ಬನ ತಲೆಯಲ್ಲಿ ನಿಲ್ಲುವುದು ಕಷ್ಟ. ಸ್ಪ್ಯಾನರು, ಚೈನು ಬಿಚ್ಚುವ ಸಾಮಾನು ಒಬ್ಬೊಬ್ಬರೂ ಕೊಳ್ಳುವುದು ದಂಡ. ಫ್ರಾನ್ಸ್ ದೇಶದ ದೊಡ್ಡ ಸೈಕಲ್ ಪಂದ್ಯದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಆಗ ಬೆಟ್ಟದ ದಾರಿಗಳೆಲ್ಲ ಕಲ್ಲುಮಣ್ಣಿನವೇ. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಫೋರ್ಕು ಬೆಟ್ಟದ ಮೇಲೆ ಮುರಿಯಿತು. ಬೇರೆಯವರ ಸಹಾಯ ಪಡೆಯಬಾರದೆಂಬುದು ಪಂದ್ಯದ ಕಟ್ಟಳೆ. ಆತ ಸೈಕಲ್ಲು ಹೊತ್ತು ನಡೆದು, ಕೆಳಗಿನ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಫೋರ್ಕು ಬೆಸೆದ. ಒಬ್ಬ ಹುಡುಗ ತಿದಿ ಒತ್ತಿದನೆಂಬ ಕಾರಣಕ್ಕೆ ಪಂದ್ಯದ ಅಧಿಕಾರಿಗಳು ಅವನಿಗೆ ಸಮಯದ ದಂಡ ಹಾಕಿದರು.

ಬಂಧುಗಳೇ, ನಾವು ಪಂದ್ಯಕ್ಕೆ ಹೋಗುವವರಲ್ಲ, ಕೆಲಸಕ್ಕೆ ಹೋಗುವವರು. ನಮ್ಮಲ್ಲಿ ತಿದಿ ಒತ್ತಿದವನಿಗೆ ದಂಡವಿಲ್ಲ. ಫಿಟ್ಟರ್ ಕೆಲಸ ಬಲ್ಲ ಗಿರಣಿಯ ಅಣ್ಣಂದಿರು ಅಳತೆ ನೋಡಲಿ, ಹೋಟೆಲಿನ ತಮ್ಮಂದಿರು ಬಜಾರು ಸುತ್ತಲಿ. ಉಪಕರಣಗಳ ಒಂದು ಪೆಟ್ಟಿಗೆಯನ್ನು ಎಲ್ಲರೂ ಚಂದಾ ಹಾಕಿ ಸಂಘದಲ್ಲಿ ಇಡೋಣ. ಒಬ್ಬನು ಭಾಗ ಕೊಳ್ಳಲು ಹೊರಟಾಗ ಬಲ್ಲವನೊಬ್ಬನು ಟೇಪು ಹಿಡಿದು ಜೊತೆಗೆ ಹೋಗಲಿ. ಹೀಗೆ ಬರುವ ಮಳೆಗಾಲದೊಳಗೆ ಮೊದಲನೆಯ ಸೈಕಲ್ಲು ತಯಾರಾಗಬೇಕು. ಕೈ ಮುರಿದುಕೊಂಡ ಆ ಹುಡುಗನಿಗೇ ಅದನ್ನು ಮೊದಲು ಕೊಡಬೇಕೆಂದು ನಾನು ಸೂಚಿಸುತ್ತೇನೆ. ನೀವು ಅನುಮೋದಿಸಬೇಕಾಗಿ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.